ಏಳು ವರ್ಷ ಬಳಸಿದ ಮೇಲೆ: ವಿಂಡೋಸ್‌ನಲ್ಲಿ ರೂಬಿಇನ್‌ಸ್ಟಾಲರ್ ಮತ್ತು ಡೆವ್‌ಕಿಟ್

ಅಡಿಕೆ ಮಂಡಿಯ ತೂಕದ ಯಂತ್ರದಿಂದ ಅಂಕಿ ಓದಿ ಬಿಲ್ ತೆಗೆಯುವ, ರೂಬಿ ಭಾಷೆಯಲ್ಲಿ ಬರೆದ ಪುಟ್ಟ ಪ್ರೋಗ್ರಾಂ ಒಂದನ್ನು ನಾನು ನೋಡಿಕೊಳ್ಳುತ್ತೇನೆ. ಮಂಡಿಯಲ್ಲಿರುವುದು ವಿಂಡೋಸ್ ಕಂಪ್ಯೂಟರ್. ಲಿನಕ್ಸ್ ಹಾಕೋಣ ಅಂದರೆ ಸಾಹುಕಾರರು ಮುಖ ನೋಡುತ್ತಾರೆ ಅಷ್ಟೇ. ಹಾಗಾಗಿ 2018ರಿಂದ, ವಿಂಡೋಸ್‌ಗೆ ರೂಬಿ ಹಾಕಿಕೊಡುವ ರೂಬಿಇನ್‌ಸ್ಟಾಲರ್ ನಂಬಿಕೊಂಡಿದ್ದೇನೆ. ಶುರು ಮಾಡಿದ್ದು ರೂಬಿ 2.5ರಲ್ಲಿ, ಈಗ 3.3.

ಹೊಸಬರಿಗೆ ಮೊದಲ ಮಾತು: ಡೌನ್‌ಲೋಡ್ ಮಾಡುವಾಗ 'ವಿತ್ ಡೆವ್‌ಕಿಟ್' ಅಂತ ಇರುವುದನ್ನೇ ತೆಗೆದುಕೊಳ್ಳಿ. ಫೈಲ್ ದೊಡ್ಡದು, ಇರಲಿ. ಸಿ ಕೋಡನ್ನು ಯಂತ್ರದ ಭಾಷೆಗೆ ತರುವ ಕಂಪೈಲರ್ ಜಿಸಿಸಿ, ಅದನ್ನು ಕ್ರಮವಾಗಿ ಓಡಿಸುವ ಮೇಕ್ ಎಲ್ಲ ಇರುವ ಎಂಸಿಸ್2 (MSYS2) ಎಂಬ ಸಲಕರಣೆ ಪೆಟ್ಟಿಗೆ ಜೊತೆಗೇ ಬರುತ್ತದೆ. ನಾನು ಚಿಕ್ಕ ಫೈಲ್ ಇಳಿಸಿದ್ದೆ. ಕೊನೆಯಲ್ಲಿ ಕಪ್ಪು ಕಿಟಕಿ ತೆರೆದು 1, 2, 3ರಲ್ಲಿ ಯಾವುದು ಅಂತ ಕೇಳಿತು. ಏನೋ ಅಂದುಕೊಂಡು ಮುಚ್ಚಿಬಿಟ್ಟೆ. ಆಮೇಲೆ ಪಾಸ್‌ವರ್ಡ್ ಕಾಪಾಡುವ ಬಿಕ್ರಿಪ್ಟ್ ಜೆಮ್ (ಜೆಮ್ ಅಂದರೆ ರೂಬಿ ಲೈಬ್ರರಿ) ಹಾಕಲು ಹೋದರೆ ಕೆಂಪು ಅಕ್ಷರ. ಆ ಜೆಮ್ ಒಳಗೆ ಸಿ ಕೋಡ್ ಇದೆ, ಕಂಪೈಲರ್ ಇಲ್ಲದೆ ಆಗುವುದಿಲ್ಲ. ಮುಚ್ಚಿದ ಕಿಟಕಿಯಲ್ಲಿ 3 ಅಂದರೆ ಅದೇ ಕಂಪೈಲರ್! ರೂಬಿಇನ್‌ಸ್ಟಾಲರ್ ಜೊತೆ ಬರುವ ರಿಡ್ಕ್ ಇನ್‌ಸ್ಟಾಲ್ (ridk install) ಕಮಾಂಡ್ ಕೊಟ್ಟರೆ ಆ ಕಿಟಕಿ ಮತ್ತೆ ಬರುತ್ತದೆ.

ನಿಜವಾಗಿ ತಲೆಕೆಟ್ಟಿದ್ದು ತೂಕದ ಯಂತ್ರಕ್ಕೆ ನಾನೇ ಸಿ ಎಕ್ಸ್‌ಟೆನ್ಶನ್ (ರೂಬಿಗೆ ಜೋಡಿಸುವ ಸಿ ಕೋಡು) ಬರೆದಾಗ. ಜೆಮ್ ಇನ್‌ಸ್ಟಾಲ್ ಸಲೀಸಾಗಿ ನಡೆಯುತ್ತಿತ್ತು. ಆದರೆ ನಾನು ಕೈಯಾರೆ ಮೇಕ್ ಓಡಿಸಿದರೆ 'ರೂಬಿ ಚೆಕ್ ಸೈಜಾಫ್ ವಾಯ್ಡ್‌ಪಿ' ಅನ್ನುವ ಅರೇಯ (ಮೌಲ್ಯಗಳ ಸಾಲು) ಅಳತೆ ನೆಗೆಟಿವ್ ಅಂತ ಎರರ್. ನನ್ನ ಕೋಡಿನಲ್ಲಿ ಅಂಥ ಅರೇಯೇ ಇಲ್ಲ! ಎರಡು ರಾತ್ರಿ ನನ್ನ ಕೋಡನ್ನೇ ಬೈದುಕೊಂಡೆ.

ಅದು ರೂಬಿಯವರು ಬೇಕಂತಲೇ ಇಟ್ಟ ಕಾವಲು. ರೂಬಿ ಕಟ್ಟಿದ್ದು 64 ಬಿಟ್‌ಗೆ, ಅಂದರೆ ಪಾಯಿಂಟರ್ (ಮೆಮೊರಿ ವಿಳಾಸ) 8 ಬೈಟ್. ಈಗ ಕಂಪೈಲ್ ಮಾಡುವವನು 4 ಬೈಟ್ ಅಂದರೆ ಅರೇ ಅಳತೆ -1 ಆಗುತ್ತದೆ, ಕಂಪೈಲರ್ ಅಲ್ಲೇ ನಿಲ್ಲುತ್ತದೆ. 4 ಬೈಟಿನವನು ಯಾರು ಅಂತ 'ವೇರ್ ಜಿಸಿಸಿ' ಕೊಟ್ಟು ನೋಡಿದೆ. ಕಾಲೇಜಿನಲ್ಲಿ ಸಿ ಕಲಿಯಲು ಹಾಕಿದ್ದ 32 ಬಿಟ್ ಜಿಸಿಸಿ, ವಿಂಡೋಸ್ ಪ್ರೋಗ್ರಾಂ ಹುಡುಕುವ ಫೋಲ್ಡರ್ ಪಟ್ಟಿಯಾದ ಪಾತ್‌ನಲ್ಲಿ ಮೊದಲು ಕೂತಿತ್ತು. ಜೆಮ್ ಇನ್‌ಸ್ಟಾಲ್ ತನ್ನ ಕಂಪೈಲರನ್ನು ತಾನೇ ಮುಂದೆ ತಂದುಕೊಳ್ಳುತ್ತದೆ. ನಾವೇ ಮೇಕ್ ಕೊಡುವಾಗ ಮೊದಲು ರಿಡ್ಕ್ ಇನೇಬಲ್ ಕೊಡಬೇಕು, ಅದೂ ಪ್ರತಿ ಹೊಸ ಕಿಟಕಿಯಲ್ಲಿ. ಈಗಲೂ ಮರೆಯುತ್ತೇನೆ.

3.1ರಲ್ಲಿ ಇನ್ನೊಂದು ಬದಲಾವಣೆ ಬಂತು. 64 ಬಿಟ್ ರೂಬಿ ಹಳೆಯ ಸಿ ರನ್‌ಟೈಮ್ (ಸಿ ಪ್ರೋಗ್ರಾಂ ಓಡಲು ಬೇಕಾದ ಮೂಲ ಲೈಬ್ರರಿ) ಬಿಟ್ಟು ಯುಸಿಆರ್‌ಟಿ ಎಂಬ ಹೊಸದಕ್ಕೆ ಹೋಯಿತು. ನಾನು ಹಳೆ ಅಭ್ಯಾಸದಲ್ಲಿ, ಎಂಸಿಸ್2ಗೆ ಪ್ಯಾಕೇಜ್ ತರುವ ಪ್ಯಾಕ್‌ಮ್ಯಾನ್‌ನಿಂದ ಎಸ್‌ಕ್ಯೂಲೈಟ್ ಡೇಟಾಬೇಸ್ ಲೈಬ್ರರಿ ತಂದೆ. ಅದು ಮಿಂಗ್‌ಡಬ್ಲ್ಯೂ64 ಫೋಲ್ಡರಿಗೆ ಹೋಗಿ ಕೂತಿತು, ರೂಬಿ ಹುಡುಕಿದ್ದು ಯುಸಿಆರ್‌ಟಿ64ರಲ್ಲಿ. ಪ್ಯಾಕೇಜ್ ಹೆಸರಿನಲ್ಲಿ ಯುಸಿಆರ್‌ಟಿ ಇದೆಯಾ ಅಂತ ನೋಡಿದ್ದರೆ ಐದೇ ನಿಮಿಷದ ಕೆಲಸ. ಎಂಸಿಸ್2ನಲ್ಲಿ ಒಂದೇ ಥರ ಕಾಣುವ ಇಷ್ಟೊಂದು ಮನೆಗಳಿರುವುದು ಹೊಸಬರಿಗೆ ಕಷ್ಟ. ಅದಕ್ಕೇ ಒಂದು ಸ್ಟಾರ್ ಕಡಿಮೆ, 5ಕ್ಕೆ 4.

ಜೆಮ್ ಹಾಕುವಾಗ ಪರದೆಯಲ್ಲಿ ಕಾಣುವ 'ಫೇಲ್ಡ್ ಟು ಬಿಲ್ಡ್' ಸಾಲಿನಲ್ಲಿ ಕಾರಣ ಏನೂ ಇರುವುದಿಲ್ಲ. ಕಂಪೈಲ್‌ಗೂ ಮುಂಚೆ ಬೇಕಾದ್ದೆಲ್ಲ ಇದೆಯಾ ಅಂತ ನೋಡುವ ಎಕ್ಸ್‌ಟ್‌ಕಾನ್ಫ್ ಹಂತದಲ್ಲಿ ನಿಂತಿದ್ದರೆ ಎಂಕೆಎಂಎಫ್ ಲಾಗ್ (mkmf.log) ಫೈಲ್ ತೆರೆಯಿರಿ. ಯಾವ ಹೆಡರ್ ಸಿಗಲಿಲ್ಲ, ಜಿಸಿಸಿಗೆ ಏನೇನು ಹೇಳಿ ಕಳಿಸಿದರು, ಎಲ್ಲ ಅಲ್ಲಿರುತ್ತದೆ.

3.2ರಿಂದ 3.3ಕ್ಕೆ ಹೋದಾಗ ಸಿ ಎಕ್ಸ್‌ಟೆನ್ಶನ್‌ಗಳನ್ನೆಲ್ಲ ಮತ್ತೆ ಕಂಪೈಲ್ ಮಾಡಬೇಕಾಯಿತು. ಆ ಕೆಲಸವನ್ನು ನಾನು ಕೊಯ್ಲಿನ ಸಮಯದಲ್ಲಿ ಮುಟ್ಟುವುದಿಲ್ಲ. ಮಂಡಿ ಖಾಲಿ ಇರುವಾಗ, ಹಳೆಯ ರೂಬಿ ಫೋಲ್ಡರ್ ಹಾಗೇ ಇಟ್ಟುಕೊಂಡು ಮಾಡುತ್ತೇನೆ.