ಸರ್ಕಾರಿ ಇನ್‌ಸ್ಪೆಕ್ಟರಾ, ಕಂಪನಿಯ ಕ್ವಾಲಿಟಿ ಇನ್‌ಸ್ಪೆಕ್ಟರಾ?

ವಿಮಾನ ಕಾರ್ಖಾನೆಯಲ್ಲಿ ಎರಡೂ ಕೆಲಸ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಕೈಯಲ್ಲಿ ಟಾರ್ಚು, ಕಣ್ಣು ರಿವೆಟ್ ಸಾಲಿನ ಮೇಲೆ.

ಕಂಪನಿಯವರು ದಿನವಿಡೀ ನೋಡುವುದು ಬಿಡಿಭಾಗಗಳನ್ನೇ: ಬೋಲ್ಟ್ ಬಿಗಿಯಾಗಿದೆಯಾ, ತೂತಿನ ಅಳತೆ ಸರಿಯಿದೆಯಾ. ಸರ್ಕಾರಿ ಇನ್‌ಸ್ಪೆಕ್ಟರ್ ಪ್ರತಿ ಬೋಲ್ಟನ್ನೂ ನೋಡುವುದಿಲ್ಲ, ಅದು ಸಾಧ್ಯವೂ ಇಲ್ಲ. ಬಿಚ್ಚಿದ್ದು ದಾಖಲೆಯಲ್ಲಿದೆಯಾ, ಮತ್ತೆ ಹಾಕಿದ್ದಕ್ಕೆ ಸಹಿ ಯಾರದು ಎಂದು ಕೆದಕುತ್ತಾರೆ. ಸುಮ್ನೆ ಕಾಗದದ ಕೆಲಸ ಅನ್ನಬೇಡಿ. 2024ರ ಜನವರಿ 5ರಂದು ಅಲಾಸ್ಕಾ ಏರ್‌ಲೈನ್ಸ್‌ನ ಬೋಯಿಂಗ್ 737 ಮ್ಯಾಕ್ಸ್ 9 ವಿಮಾನ ಹಾರುತ್ತಿದ್ದಾಗಲೇ, ಬಾಗಿಲಿನ ಜಾಗ ಮುಚ್ಚಿದ್ದ ಫಲಕ ಕಿತ್ತುಹೋಯಿತು. ಕಾರ್ಖಾನೆಯಲ್ಲಿ ಅದನ್ನು ಬಿಚ್ಚಿ ಮುಚ್ಚಿದಾಗ 4 ಬೋಲ್ಟ್ ಹಾಕಿರಲಿಲ್ಲ. ಬಿಚ್ಚಿದ್ದಕ್ಕೆ ದಾಖಲೆಯೂ ಇರಲಿಲ್ಲ.

ಕಂಪನಿಯಲ್ಲಿ ಡೆಲಿವರಿ ದಿನಾಂಕ ಬೆನ್ನ ಮೇಲೆಯೇ ಕೂತಿರುತ್ತದೆ. ಸರ್ಕಾರಿ ಕಡೆ ಆ ಕಾಟ ಕಡಿಮೆ. ಆದರೆ ವರದಿ ಬರೆಯುವುದು ಜಾಸ್ತಿ, ಕಂಪನಿಯವರು ಊಟಕ್ಕೆ ಕರೆದರೂ ಯೋಚಿಸಬೇಕು.

ಈಗಷ್ಟೇ ಓದು ಮುಗಿಸಿದ್ದರೆ ಕಂಪನಿಯೇ ಸರಿ. ಸರ್ಕಾರಿ ಹುದ್ದೆಗೆ ಸಾಮಾನ್ಯವಾಗಿ ಅನುಭವ ಕೇಳುತ್ತಾರೆ, ಅಲ್ವಾ? ಕೆಲವು ವರ್ಷ ಕಾರ್ಖಾನೆಯಲ್ಲಿ ಪಳಗಿ, ದೊಡ್ಡವರ ಮುಖ ನೋಡಿ "ಇದಕ್ಕೆ ಸಹಿ ಹಾಕಲ್ಲ" ಎನ್ನುವ ಗಟ್ಟಿತನ ಬಂದಿದ್ದರೆ ಸರ್ಕಾರಿ ಕಡೆ ಅರ್ಜಿ ಹಾಕಿ. ಕೈಗೆ ಎಣ್ಣೆ ಮೆತ್ತದಿದ್ದರೆ ಬೇಜಾರಾಗುವವರು ಇದ್ದಲ್ಲೇ ಇರಿ.