ಹೊನ್ನಾವರದ ದೋಣಿಯೋ, ಅಘನಾಶಿನಿಯ ಕೆಸರೋ?

ಗೋಕರ್ಣಕ್ಕೆ ಹೋದವರು ಬೀಚ್ ನೋಡಿ ಅಲ್ಲಿಂದಲೇ ವಾಪಸ್ ಬಸ್ಸು ಹತ್ತುತ್ತಾರೆ. ಒಂದು ದಿನ ಜಾಸ್ತಿ ಇದ್ದರೆ ಊರಿನವರ ಜೊತೆ ಸುತ್ತಲು ಎರಡು ಜಾಗ ಇವೆ: ಹೊನ್ನಾವರ, ಇಲ್ಲವೇ ಅಘನಾಶಿನಿ ನದಿ.

ಹೊನ್ನಾವರದಲ್ಲಿ ಶರಾವತಿಯ ದೋಣಿ, ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ಮರದ ಹಾದಿ. ಮಕ್ಕಳು, ವಯಸ್ಸಾದವರು ಇದ್ದರೆ ಇದೇ ಸುಲಭ. ರಜೆಯಲ್ಲಿ ಮಾತ್ರ ಜನವೋ ಜನ.

ನನ್ನ ಓಟು ಕುಮಟಾ ಬಳಿಯ ಅಘನಾಶಿನಿಗೆ, ಚಪ್ಪಲಿ ಕೆಸರಾದರೂ ಸರಿ. ಈ ನದಿಗೆ ದೊಡ್ಡ ಅಣೆಕಟ್ಟಿಲ್ಲ. 2024ರಲ್ಲಿ ಇದರ ಅಳಿವೆ ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ರಾಮ್ಸರ್ ಪಟ್ಟಿ ಸೇರಿತು. ನೀರು ಇಳಿದಾಗ ಜನ ಬುಟ್ಟಿ ಹಿಡಿದು ಬಳಚು (ತಿನ್ನುವ ಚಿಪ್ಪುಜೀವಿ) ಹೆಕ್ಕುತ್ತಾರೆ. ಪಕ್ಕದ ಗಜನಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳಲ್ಲಿ, ಅದಕ್ಕೂ ಜಗ್ಗದ ಕಗ್ಗ ಭತ್ತ. ಇದನ್ನೆಲ್ಲ ಯಾವ ಬೋರ್ಡೂ ಹೇಳುವುದಿಲ್ಲ, ಅಲ್ಲಿ ಬೆಳೆದವರೇ ಹೇಳಬೇಕು, ಅಲ್ವಾ? ಹೊರಡುವ ಮುಂಚೆ ಇಳಿತದ ಹೊತ್ತು ಕೇಳಿಕೊಳ್ಳಿ. ಭರತದಲ್ಲಿ ಹೋದರೆ ಸುಮ್ನೆ ನೀರು ನೋಡಿ ಬರಬೇಕಾಗುತ್ತದೆ.