ಕೇದೈನಿಯಾಯ್‌ಗೆ ಒಂದು ದಿನದ ಪ್ರವಾಸ: ಯೊನುಶಾಸ್ ರಾದ್ವಿಲಾನ ಬದುಕನ್ನು ಹೇಳುವ ಸೇವೆಯೊಂದರ ವಿಮರ್ಶೆ

ಲಿಥುವೇನಿಯಾದ ರಾಜಧಾನಿ ವಿಲ್ನಿಯಸ್‌ನಿಂದ ಕೇದೈನಿಯಾಯ್ ಪಟ್ಟಣಕ್ಕೆ ಒಂದು ದಿನದ ಇತಿಹಾಸ ಪ್ರವಾಸ ನಡೆಸುವ ಚಿಕ್ಕ ಖಾಸಗಿ ಸಂಸ್ಥೆಯೊಂದರ ಸೇವೆಯ ಕುರಿತು ಈ ಬರಹ. ಪ್ರವಾಸದ ವಿಷಯ ಒಬ್ಬನೇ ವ್ಯಕ್ತಿ: 1612ರಲ್ಲಿ ಹುಟ್ಟಿ 1655ರಲ್ಲಿ ತೀರಿಕೊಂಡ, ಲಿಥುವೇನಿಯಾದ ಮಹಾ ಹೆತ್ಮಾನ್, ಎಂದರೆ ಮಹಾದಂಡನಾಯಕನಾಗಿದ್ದ ಯೊನುಶಾಸ್ ರಾದ್ವಿಲಾ. ಪೋಲಿಷ್ ಬರಹಗಳಲ್ಲಿ ಇವನು ಯಾನುಶ್ ರಾಜಿವಿಲ್. ಆ ಕಾಲದಲ್ಲಿ ಪೋಲೆಂಡ್ ಮತ್ತು ಲಿಥುವೇನಿಯಾ ಒಬ್ಬನೇ ರಾಜನ ಕೈಕೆಳಗಿನ ಒಕ್ಕೂಟವಾಗಿದ್ದವು. ಪೋಲೆಂಡ್‌ನಲ್ಲಿ 19ನೆಯ ಶತಮಾನದ ಕಾದಂಬರಿಯೊಂದರ ಪ್ರಭಾವದಿಂದ ತಲೆಮಾರುಗಳು ಇವನನ್ನು ದೇಶದ್ರೋಹಿಯೆಂದೇ ನೆನೆದಿವೆ. ಲಿಥುವೇನಿಯಾದಲ್ಲಿ ಇವನನ್ನು ದೂರದೃಷ್ಟಿಯ ರಾಜಕಾರಣಿಯೆಂದು ಕಾಣುವವರಿದ್ದಾರೆ, 2006ರಲ್ಲಿ ಕೇದೈನಿಯಾಯ್‌ನ ಹಳೆಯ ಮಾರುಕಟ್ಟೆ ಚೌಕದಲ್ಲಿ ಸ್ಮಾರಕವೂ ನಿಂತಿದೆ. ಇಂಥವನ ಬಗ್ಗೆ ಹಣ ಪಡೆದು ಕಥೆ ಹೇಳುವವರು ಎರಡರಲ್ಲೊಂದು ಪಕ್ಷ ಹಿಡಿದು ಸುಲಭವಾಗಿ ಮುಗಿಸಿಬಿಡಬಹುದಿತ್ತು. ಈ ಪ್ರವಾಸದ ಹಿರಿಮೆ ಇರುವುದು ಹಾಗೆ ಮಾಡದಿರುವುದರಲ್ಲಿ. 1655ರ ಅಕ್ಟೋಬರ್‌ನಲ್ಲಿ ಅವನು ಸ್ವೀಡನ್ನಿನ ರಾಜನ ಆಶ್ರಯ ಒಪ್ಪಿ ಹಾಕಿದ ಸಹಿಯನ್ನು ಮಾರ್ಗದರ್ಶಕರು ದಿನದ ಕೊನೆಯವರೆಗೂ ಮುಟ್ಟುವುದಿಲ್ಲ. ಅಲ್ಲಿಯವರೆಗೆ ಆ ಸಹಿಗೆ ದಾರಿ ಹೇಗೆ ಸವೆಯಿತು ಎಂಬುದನ್ನೇ ಬಿಡಿಸುತ್ತಾ ಹೋಗುತ್ತಾರೆ.

ಪ್ರಯಾಣದ ವೇಳೆ ವ್ಯಾನಿನಲ್ಲೇ ಮಾತು ಆರಂಭವಾಗುತ್ತದೆ, ಆದರೆ ಮಗನಿಂದಲ್ಲ, ತಂದೆಯಿಂದ. ತಂದೆ ಕ್ರಿಸ್ತುಪಾಸ್ ರಾದ್ವಿಲಾ ಕೂಡ ದಂಡನಾಯಕನೇ. ಸ್ವೀಡನ್ನಿನ ರಾಜ ಗುಸ್ತಾವ್ ಅಡಾಲ್ಫ್ ಲಿವೋನಿಯಾಕ್ಕೆ, ಎಂದರೆ ಇಂದಿನ ಲಾಟ್ವಿಯಾ–ಎಸ್ಟೋನಿಯಾ ಭಾಗಕ್ಕೆ, ನುಗ್ಗಿದಾಗ ವಾರ್ಸಾದಿಂದ ಹಣವೂ ಬಾರದೆ, ಸೈನ್ಯವೂ ಬಾರದೆ, 1622ರಲ್ಲಿ ಅವನು ತಾನೇ ಮುಂದಾಗಿ ಕದನವಿರಾಮ ಮಾಡಿಕೊಂಡ. ಒಕ್ಕೂಟದ ರಾಜ ಮೂರನೆಯ ಸಿಗಿಸ್ಮಂಡ್‌ಗೆ ಇದು ಹಿಡಿಸಲಿಲ್ಲ. 1625ರಲ್ಲಿ ಕುಟುಂಬದ ಹೆಮ್ಮೆಯಾಗಿದ್ದ ಬಿರ್ಝಾಯ್ ಕೋಟೆ ಸ್ವೀಡಿಷರ ವಶವಾಯಿತು. ಅದೇ ವರ್ಷ ಮಹಾ ಹೆತ್ಮಾನ್ ಪದವಿ ತಂದೆಯ ಕೈತಪ್ಪಿ ಲೆವ್ ಸಾಪಿಯೆಹಾನಿಗೆ ಹೋಯಿತು. ಹದಿಹರೆಯದ ಹೊಸ್ತಿಲಲ್ಲಿದ್ದ ಮಗ ಇದನ್ನೆಲ್ಲ ಮನೆಯೊಳಗಿನಿಂದಲೇ ಕಂಡವನು. ಕ್ಯಾಥೊಲಿಕ್ ರಾಜ, ಪ್ರಾಟೆಸ್ಟಂಟರಲ್ಲಿ ಒಂದಾದ ಕ್ಯಾಲ್ವಿನ್ ಪಂಥದ ಸಾಮಂತ ಮನೆತನ, ದೂರದ ಆಸ್ಥಾನ, ಹತ್ತಿರದ ಶತ್ರು — ಮುಂದಿನ ಕಥೆಗೆ ಬೇಕಾದ ಸಾಮಗ್ರಿಯೆಲ್ಲ ಈ ಮೊದಲ ಭಾಗದಲ್ಲೇ ಇದೆ ಎಂಬುದನ್ನು ಮಾರ್ಗದರ್ಶಕರು ಒತ್ತಿ ಹೇಳುವುದಿಲ್ಲ, ಕೇಳುವವರಿಗೆ ತಾನಾಗಿ ಹೊಳೆಯುವಂತೆ ಜೋಡಿಸಿದ್ದಾರೆ. ನನ್ನ ದೃಷ್ಟಿಯಲ್ಲಿ ಇಡೀ ಸೇವೆಯ ಅತ್ಯುತ್ತಮ ಭಾಗ ಇದು.

ಓದಿನ ದಿನಗಳನ್ನು ಬೇಗನೆ ದಾಟುತ್ತಾರೆ, ಅದು ಸರಿಯೇ. ಲೈಪ್‌ಜಿಗ್, ಆಲ್ಟ್‌ಡಾರ್ಫ್, ಲೈಡನ್‌ಗಳಲ್ಲಿ ಕಲಿತದ್ದು, ಹೊಸ ರಾಜ ನಾಲ್ಕನೆಯ ವ್ಲಾದಿಸ್ಲಾವ್‌ನ ದೂತನಾಗಿ ನೆದರ್ಲೆಂಡ್ಸ್ ಮತ್ತು ಇಂಗ್ಲೆಂಡಿಗೆ ಹೋಗಿಬಂದದ್ದು, ಆಮೇಲೆ ಸ್ಮೊಲೆನ್ಸ್ಕ್ ಯುದ್ಧದಲ್ಲಿ ಪಾಲ್ಗೊಂಡದ್ದು ಕೆಲವೇ ನಿಮಿಷಗಳಲ್ಲಿ ಮುಗಿಯುತ್ತವೆ. 1645ರಲ್ಲಿ ಮೊಲ್ಡೇವಿಯಾದ ದೊರೆ ವಾಸಿಲೆ ಲುಪುವಿನ ಮಗಳು ಮರಿಯಾಳನ್ನು ಅವನು ಎರಡನೆಯ ಮದುವೆಯಾದ ಸಂಗತಿಗೆ ಮಾತ್ರ ಸ್ವಲ್ಪ ಹೆಚ್ಚು ಹೊತ್ತು ಸಿಗುತ್ತದೆ. ಕ್ಯಾಲ್ವಿನ್ ಪಂಥದ ವರ, ಆರ್ಥೊಡಾಕ್ಸ್ ವಧು, ಅವಳ ತವರಿನಲ್ಲೇ ನಡೆದ ಮದುವೆ: ಈ ಮನುಷ್ಯ ತನ್ನನ್ನು ಬರೀ ರಾಜನ ಅಧಿಕಾರಿಯೆಂದು ಎಣಿಸಿರಲಿಲ್ಲ, ದೊರೆಗಳ ಸಾಲಿನಲ್ಲಿ ಕೂರಬಲ್ಲವನೆಂದು ಎಣಿಸಿದ್ದ ಎಂಬುದು ಇಲ್ಲಿ ತಿಳಿಯುತ್ತದೆ. ಮರುವರ್ಷ, 1646ರಲ್ಲಿ, ಅವನಿಗೆ ಲಿಥುವೇನಿಯಾದ ಪಶ್ಚಿಮ ಭಾಗವಾದ ಸಮೋಗಿಟಿಯಾದ ಆಡಳಿತದ ಜೊತೆಗೆ ಎರಡನೆಯ ದರ್ಜೆಯ ದಂಡನಾಯಕತ್ವ, ಅಂದರೆ ಫೀಲ್ಡ್ ಹೆತ್ಮಾನ್ ಪದವಿ ದೊರೆಯಿತು.

ಊರು ತಲುಪಿದ ಮೇಲೆ ಮೊದಲು ರಿಫಾರ್ಮ್ಡ್, ಅಂದರೆ ಕ್ಯಾಲ್ವಿನ್ ಪಂಥದ, ಚರ್ಚು. 1631ರಿಂದ 1652ರವರೆಗೆ ಕಟ್ಟಿದ, ನಾಲ್ಕು ಮೂಲೆಗಳಲ್ಲೂ ಗೋಪುರವಿರುವ ಈ ಎತ್ತರದ ಕಟ್ಟಡವನ್ನು ತಂದೆ ಆರಂಭಿಸಿ ಮಗ ಮುಗಿಸಿದ. ಒಳಗೆ ಬಣ್ಣದ ಚಿತ್ರಗಳ ಗೌಜಿಯಿಲ್ಲ. ಓಕ್ ಮರದ ಕೆತ್ತನೆಯ ಉಪದೇಶ ಪೀಠವೇ ಕಣ್ಣು ನಿಲ್ಲುವ ಜಾಗ. ಕೆಳಗಿನ ನೆಲಮಾಳಿಗೆಯಲ್ಲಿ ಮನೆತನದ ಸಮಾಧಿ ಇದೆ. ಲೋಹದ ಅಲಂಕೃತ ಶವಪೆಟ್ಟಿಗೆಗಳು ಆರು. ಒಂದು ಯೊನುಶಾಸನದು, ಒಂದು ಅವನ ಅಜ್ಜ, ‘ಸಿಡಿಲು’ ಎಂದೇ ಬಿರುದು ಪಡೆದ ಕ್ರಿಸ್ತುಪಾಸ್ ರಾದ್ವಿಲಾ ಪೆರ್ಕೂನಾಸ್‌ನದು. ಉಳಿದ ನಾಲ್ಕು ಚಿಕ್ಕವು, ಎಳವೆಯಲ್ಲೇ ತೀರಿಕೊಂಡ ಯೊನುಶಾಸನ ಒಡಹುಟ್ಟಿದವರವು. ಇಬ್ಬರು ದಂಡನಾಯಕರ ದೊಡ್ಡ ಪೆಟ್ಟಿಗೆಗಳನ್ನು ನೋಡಲೆಂದು ಬಂದವರ ಗಮನವೆಲ್ಲ ಆ ನಾಲ್ಕು ಪುಟ್ಟ ಪೆಟ್ಟಿಗೆಗಳ ಮೇಲೆ ಹೋಗುವುದು ಸಹಜ. ಒಡಹುಟ್ಟಿದವರಲ್ಲಿ ಇಷ್ಟು ಜನ ಹೋದ ಮೇಲೆ ಮನೆತನದ ಭಾರವೆಲ್ಲ ಉಳಿದ ಗಂಡುಮಗನ ಮೇಲೆ ಬಿದ್ದಿರಬೇಕು ಎಂದು ನಾನು ಅಲ್ಲಿ ನಿಂತು ಯೋಚಿಸಿದೆ; ಮಾರ್ಗದರ್ಶಕರು ಈ ಮಾತನ್ನು ಎತ್ತಲಿಲ್ಲ. ನೆಲಮಾಳಿಗೆಗೆ ಪ್ರವಾಸದ ಸಂಸ್ಥೆ ಇಟ್ಟಿರುವ ಸಮಯ ತೀರಾ ಕಡಿಮೆ. ಪೆಟ್ಟಿಗೆಗಳ ಮೇಲಿನ ಕೆಲಸವನ್ನು ಸಾವಧಾನವಾಗಿ ನೋಡಬೇಕೆನ್ನುವವರು ಮೊದಲೇ ಹೇಳಿ ಹೆಚ್ಚು ಹೊತ್ತು ಕೇಳಿಕೊಳ್ಳಬೇಕು.

ಯುದ್ಧಗಳ ನಿರೂಪಣೆ ಮಧ್ಯಾಹ್ನ, ಹಳೆಯ ಚೌಕದ ಬಳಿ, ಒಂದು ದೊಡ್ಡ ನಕ್ಷೆಯನ್ನು ಹರಡಿ ನಡೆಯುತ್ತದೆ. 1648ರಲ್ಲಿ ಹ್ಮೆಲ್ನಿತ್ಸ್ಕಿಯ ನಾಯಕತ್ವದಲ್ಲಿ ಉಕ್ರೇನಿನ ಕೊಸಾಕ್ ಯೋಧರು ಎಬ್ಬಿಸಿದ ಬಂಡಾಯ ದಕ್ಷಿಣದಿಂದ ಲಿಥುವೇನಿಯಾದೊಳಕ್ಕೆ ಹಬ್ಬಿದ್ದು, 1649ರ ಜುಲೈ 31ರಂದು ನೀಪರ್ ದಡದ ಲೋಯೆವ್‌ನಲ್ಲಿ ರಾದ್ವಿಲಾ ಅದನ್ನು ತಡೆದದ್ದು, 1651ರಲ್ಲಿ ಅದೇ ಊರಿನ ಬಳಿ ಮತ್ತೆ ಗೆದ್ದು ಆಗಸ್ಟ್‌ನಲ್ಲಿ ಕೀವ್ ನಗರವನ್ನೇ ಹೊಕ್ಕದ್ದು ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಿದಾಗ ಸ್ಪಷ್ಟವಾಗುತ್ತದೆ. ಅವನ ಪಾಳೆಯದಲ್ಲಿದ್ದ ಡಚ್ ಚಿತ್ರಕಾರ ಅಬ್ರಹಾಂ ವಾನ್ ವೆಸ್ಟರ್‌ಫೆಲ್ಡ್ ಆಗ ಬರೆದ ಕೀವ್ ನಗರದ ಚಿತ್ರಗಳು ಪ್ರತಿಗಳಾಗಿ ಉಳಿದಿವೆ. ಅವುಗಳ ಮುದ್ರಿತ ಹಾಳೆಗಳನ್ನು ಒಬ್ಬೊಬ್ಬರ ಕೈಗೂ ಕೊಡುತ್ತಾರೆ. ಸಂತ ಸೋಫಿಯಾ ಚರ್ಚು ಆ ಕಾಲದಲ್ಲಿ ಯಾವ ಸ್ಥಿತಿಯಲ್ಲಿತ್ತೆಂದು ತಿಳಿಯಲು ಇಂದಿಗೂ ನೆರವಾಗುವ ಚಿತ್ರಗಳಿವು. ಊರನ್ನು ಗೆದ್ದ ಸೇನಾಪತಿ ಅದನ್ನು ಚಿತ್ರಿಸಿಯೂ ಇಡಿಸಿದ ಎಂಬುದು ಅವನ ಬಗ್ಗೆ ಬಹಳಷ್ಟನ್ನು ಹೇಳುತ್ತದೆ.

ಆದರೆ ಇಲ್ಲಿಯೇ ನನ್ನ ಮುಖ್ಯ ಆಕ್ಷೇಪವೂ ಇದೆ. 1649ರ ಆರಂಭದಲ್ಲಿ ಮೊಝೀರ್, ಬೊಬ್ರುಯ್ಸ್ಕ್ ಪಟ್ಟಣಗಳನ್ನು ರಾದ್ವಿಲಾನ ಸೈನ್ಯ ಮರಳಿ ಪಡೆದಾಗ ಬಂಡಾಯಗಾರರಿಗೆ ಕೊಟ್ಟ ಶಿಕ್ಷೆಗಳು ಘೋರವಾಗಿದ್ದವು; ಅದಕ್ಕೂ ಮೊದಲು, 1648ರ ಕೊನೆಯಲ್ಲಿ, ಪಿನ್ಸ್ಕ್ ಪಟ್ಟಣ ಲಿಥುವೇನಿಯಾದ ಪಡೆಗಳ ಕೈಯಲ್ಲೇ ಸುಟ್ಟು ಲೂಟಿಯಾಯಿತು. ಇವು ಶತ್ರುದೇಶದ ಊರುಗಳಲ್ಲ, ಅದೇ ಲಿಥುವೇನಿಯಾ ಮಹಾಸಂಸ್ಥಾನದ ಪ್ರಜೆಗಳಿದ್ದ ಊರುಗಳು. ನಾನು ಕೇಳುವವರೆಗೆ ಈ ವಿಷಯ ಬರಲೇ ಇಲ್ಲ. ಕೇಳಿದ ಮೇಲೆ ಮಾರ್ಗದರ್ಶಕರು ಮುಚ್ಚಿಡದೆ, ವಿವರವಾಗಿ ಉತ್ತರಿಸಿದರು ಎಂಬುದನ್ನೂ ಹೇಳಬೇಕು. ಆದರೆ ಗೆಲುವುಗಳಿಗೆ ನಕ್ಷೆಯಲ್ಲಿ ಕೆಂಪು ಗುರುತು ಇರುವಾಗ ಈ ಮೂರು ಊರುಗಳಿಗೆ ಗುರುತೇ ಇಲ್ಲದಿರುವುದು ಸರಿಯಲ್ಲ. ದ್ರೋಹಿಯೋ ಅಲ್ಲವೋ ಎಂಬ ವಾದದಲ್ಲಿ ಮುಳುಗಿದವರಿಗೆ ಆ ವಾದದೊಳಗೆ ಬಾರದ ಜನರು ಕಾಣದೆ ಹೋಗುತ್ತಾರೆ, ಮತ್ತು ಇಷ್ಟು ಎಚ್ಚರದಿಂದ ರೂಪಿಸಿದ ಪ್ರವಾಸವೂ ಈ ವಿಷಯದಲ್ಲಿ ಹೊರತಾಗಿಲ್ಲ.

ರಾಜನೊಂದಿಗಿನ ಜಗಳದ ಭಾಗ ಮತ್ತೆ ಬಲವಾಗಿದೆ. 1648ರಲ್ಲಿ ಪಟ್ಟಕ್ಕೆ ಬಂದ ಯಾನ್ ಕಾಸಿಮಿರ್‌ಗೂ ರಾದ್ವಿಲಾನಿಗೂ ಕೂಡಿಬರಲಿಲ್ಲ. 1652ರಲ್ಲಿ ಉಪೀಟೆಯ ಪ್ರತಿನಿಧಿ ಸಿಚಿನ್ಸ್ಕಿ ಎಂಬಾತ ತನ್ನೊಬ್ಬನ ವಿರೋಧದಿಂದಲೇ ಸಂಸತ್ತಿನ ಅಧಿವೇಶನ ಮುಂದುವರಿಯದಂತೆ ಮಾಡಿದ. ಅವನು ರಾದ್ವಿಲಾನ ಬಣದವನೆಂಬುದು ಇತಿಹಾಸಕಾರರ ಸಾಮಾನ್ಯ ಅಭಿಪ್ರಾಯ. 1654ರ ಜನವರಿಯಲ್ಲಿ ಮಹಾ ಹೆತ್ಮಾನ್ ಕಿಷ್ಕಾ ತೀರಿಕೊಂಡಾಗ ಆ ಪದವಿಗೆ ರಾದ್ವಿಲಾನೇ ಸಹಜ ಉತ್ತರಾಧಿಕಾರಿಯಾಗಿದ್ದರೂ ರಾಜ ಅದನ್ನು ಜೂನ್‌ವರೆಗೆ ತಡೆಹಿಡಿದ. ಕೊಟ್ಟಾಗಲೂ, ಅವನ ಕೈಕೆಳಗಿನ ಪದವಿಯನ್ನು ಅವನ ಎದುರಾಳಿ ಗೊಸಿಯೆವ್ಸ್ಕಿಗೆ ಕೊಟ್ಟ. ಅಷ್ಟರಲ್ಲಿ ಮಾಸ್ಕೋದ ತ್ಸಾರ್ ಅಲೆಕ್ಸಿಯ ಸೈನ್ಯ ಗಡಿ ದಾಟಿತ್ತು. ಆಗಸ್ಟ್ 12ರಂದು ಶ್ಕ್ಲೋವ್ ಬಳಿ, ಸೂರ್ಯಗ್ರಹಣ ಹಿಡಿದ ದಿನವೇ, ರಾದ್ವಿಲಾ ಚಿಕ್ಕ ಸೈನ್ಯದೊಂದಿಗೆ ದೊಡ್ಡ ಪಡೆಯನ್ನು ಹಿಮ್ಮೆಟ್ಟಿಸಿದ. ಎರಡು ವಾರ ತುಂಬುವ ಮೊದಲೇ, 24ರಂದು, ಶೆಪೆಲೆವಿಚಿಯಲ್ಲಿ ಅದೇ ಸೈನ್ಯ ಚದುರಿಹೋಯಿತು. ಶರತ್ಕಾಲದಲ್ಲಿ ಸ್ಮೊಲೆನ್ಸ್ಕ್ ಬಿತ್ತು. ಮರುವರ್ಷದ ಆಗಸ್ಟ್ 8ರಂದು ವಿಲ್ನಿಯಸ್ ಕೂಡ ಬಿತ್ತು.

ಇಲ್ಲಿಂದ ಮುಂದಿನದನ್ನು ಹೇಳಲು ವ್ಯಾನನ್ನು ಕೇದೈನಿಯಾಯ್‌ಗೆ ಸಮೀಪದ ಯೊಸ್ವೈನಿಯಾಯ್ ಎಂಬ ಊರಿನಲ್ಲಿ ನಿಲ್ಲಿಸುತ್ತಾರೆ. ನೋಡಲು ಅಲ್ಲಿ ಹೆಚ್ಚೇನಿಲ್ಲ, ಆದರೂ ಆ ನಿಲುಗಡೆ ಬೇಕೇ ಬೇಕು. ವಿಲ್ನಿಯಸ್ ಬಿದ್ದು ಹತ್ತು ದಿನವೂ ಕಳೆಯುವ ಮೊದಲು, ಆಗಸ್ಟ್ 17ರಂದು, ಸ್ವೀಡನ್ನಿನೊಂದಿಗೆ ಮೊದಲ ಒಪ್ಪಂದವಾದದ್ದು ಇಲ್ಲಿ. ಪೂರ್ವದಿಂದ ತ್ಸಾರನ ಸೈನ್ಯ, ಉತ್ತರದ ಲಿವೋನಿಯಾದಲ್ಲಿ ಮಾಗ್ನುಸ್ ಡೆ ಲಾ ಗಾರ್ಡಿಯ ಸ್ವೀಡಿಷ್ ಸೈನ್ಯ, ಪಶ್ಚಿಮದಲ್ಲಿ ಕುಸಿಯುತ್ತಿದ್ದ ಪೋಲೆಂಡ್. ಅಕ್ಟೋಬರ್ 20ರಂದು ಕೇದೈನಿಯಾಯ್‌ನಲ್ಲಿ ಆದ ಎರಡನೆಯ ಒಪ್ಪಂದ ಲಿಥುವೇನಿಯಾವನ್ನು ಪೋಲೆಂಡಿನ ಸಂಬಂಧದಿಂದ ಬಿಡಿಸಿ ಹತ್ತನೆಯ ಚಾರ್ಲ್ಸ್ ಗುಸ್ತಾವ್‌ನ ಸ್ವೀಡನ್ನಿಗೆ ಕೂಡಿಸಿತು; ಸಾವಿರಕ್ಕೂ ಹೆಚ್ಚು ಕುಲೀನರು ಅದಕ್ಕೆ ಸಹಿ ಹಾಕಿದರು. ತಂದೆ 1622ರಲ್ಲಿ ಮಾಡಿದ್ದಕ್ಕೂ ಮಗ 1655ರಲ್ಲಿ ಮಾಡಿದ್ದಕ್ಕೂ ಇರುವ ನಂಟು ಬೆಳಿಗ್ಗೆ ವ್ಯಾನಿನಲ್ಲಿ ಕೇಳಿದವರಿಗೆ ಇಲ್ಲಿ ತಟ್ಟನೆ ಮನಸ್ಸಿಗೆ ಬರುತ್ತದೆ. ಅಂತರವೂ ಕಾಣುತ್ತದೆ: ತಂದೆ ಯುದ್ಧವನ್ನು ನಿಲ್ಲಿಸಿದ್ದ, ಮಗ ರಾಜನನ್ನೇ ಬದಲಿಸಿದ. ಅವನ ಸೈನ್ಯದ ಒಂದು ದೊಡ್ಡ ಭಾಗ ಇದನ್ನು ಒಪ್ಪದೆ ಅವನ ವಿರುದ್ಧವೇ ಒಕ್ಕೂಟ ಕಟ್ಟಿತು. ಅದನ್ನು ಬೆನ್ನಟ್ಟಿ ಪೊದ್ಲಾಸಿಯೆಗೆ ಹೋದ ರಾದ್ವಿಲಾ ಡಿಸೆಂಬರ್ ಕೊನೆಯಲ್ಲಿ ಟಿಕೋಚಿನ್ ಕೋಟೆಯಲ್ಲಿ, ತನ್ನ ದೇಶದವರ ಮುತ್ತಿಗೆಯ ನಡುವೆಯೇ ಸತ್ತ. ನನಗೆ ಕೊನೆಗೂ ಅವನನ್ನು ದ್ರೋಹಿಯೆನ್ನಲು ಮನಸ್ಸು ಬರಲಿಲ್ಲ. ರಾಜಧಾನಿಯನ್ನು ಉಳಿಸಲು ನೆರವು ಕಳಿಸದ ರಾಜನಿಗೆ ನಿಷ್ಠೆ ಎಷ್ಟು ದಿನ ಬಾಕಿಯಿರುತ್ತದೆ ಎಂಬ ಪ್ರಶ್ನೆ ನ್ಯಾಯವಾದದ್ದು. ಆದರೆ ಪದವಿ ಮತ್ತು ಮನೆತನದ ಮಹತ್ವಾಕಾಂಕ್ಷೆ ಆ ನಿರ್ಧಾರದಲ್ಲಿ ಇರಲೇ ಇಲ್ಲವೆಂದು ಯಾರಾದರೂ ಹೇಳಿದರೆ ನಂಬಲಾರೆ.

ಸೈನ್ಯಕ್ಕೆ ಸಂಬಂಧವಿಲ್ಲದ ಅವನ ಕೆಲಸಕ್ಕೆ ಪ್ರವಾಸದಲ್ಲಿ ಸಾಕಷ್ಟು ಜಾಗ ಸಿಕ್ಕಿಲ್ಲ. ಈ ಊರಿನಲ್ಲಿ ಕ್ಯಾಲ್ವಿನ್ ಪಂಥದವರು, ಲೂಥರನ್ನರು, ಕ್ಯಾಥೊಲಿಕರು, ಆರ್ಥೊಡಾಕ್ಸರು, ಯೆಹೂದಿಗಳು ಒಟ್ಟಿಗೆ ಬಾಳಿದರು. ಸ್ಕಾಟ್‌ಲೆಂಡಿನ ವ್ಯಾಪಾರಿಗಳು ಬಂದು ಮನೆ ಕಟ್ಟಿದರು. 1650ರ ದಶಕದ ಆರಂಭದಲ್ಲಿ ಅಚ್ಚುಕೂಟ ಬಂತು, 1653ರಲ್ಲಿ ಅಲ್ಲಿಂದ ಲಿಥುವೇನಿಯನ್ ಭಾಷೆಯಲ್ಲೇ ಪ್ರಾರ್ಥನಾ ಗ್ರಂಥವೊಂದು ಹೊರಬಂತು. ಪೋಲಿಷ್‌ನಲ್ಲಿ ಪತ್ರ ಬರೆಯುತ್ತಿದ್ದ ಕುಲೀನರ ಕಾಲದಲ್ಲಿ ಜನರ ಮಾತಿನಲ್ಲಿ ಪುಸ್ತಕ ಅಚ್ಚಾಗಲು ಆಶ್ರಯ ಕೊಟ್ಟದ್ದು ಚಿಕ್ಕ ಸಂಗತಿಯಲ್ಲ. ಇದನ್ನು ಊಟದ ಹೊತ್ತಿನಲ್ಲಿ ಎರಡು ಮಾತಿನಲ್ಲಿ ಮುಗಿಸಿಬಿಡುತ್ತಾರೆ.

ಊಟದ ಮಾತು ಬಂದದ್ದರಿಂದ ಹೇಳುತ್ತೇನೆ: ಕೇದೈನಿಯಾಯ್ ಸೌತೆಕಾಯಿಗೆ ಹೆಸರಾದ ಊರು, ಬೇಸಿಗೆಯಲ್ಲಿ ಬೀಟ್‌ರೂಟ್ ಮತ್ತು ಕೆಫಿರ್ ಎಂಬ ಹುಳಿ ಹಾಲಿನ ತಣ್ಣನೆಯ ಗುಲಾಬಿ ಬಣ್ಣದ ಸಾರು ಎಲ್ಲೆಡೆ ಸಿಗುತ್ತದೆ. ಅದಕ್ಕೆ ಬೇಯಿಸಿದ ಮೊಟ್ಟೆ ಸೇರಿಸುವುದು ರೂಢಿಯಾದ್ದರಿಂದ ಮೊಟ್ಟೆ ತಿನ್ನದವರು ಕಾಯ್ದಿರಿಸುವಾಗಲೇ ತಿಳಿಸಬೇಕು; ತಿಳಿಸಿದರೆ ವ್ಯವಸ್ಥೆ ಮಾಡುತ್ತಾರೆ. ವ್ಯಾನು ಚೊಕ್ಕಟವಾಗಿತ್ತು, ಗುಂಪು ಚಿಕ್ಕದು, ಮಾರ್ಗದರ್ಶಕರ ಇಂಗ್ಲಿಷ್ ಸ್ಪಷ್ಟವಾಗಿತ್ತು. ಯುರೋಪಿನ ಈ ಭಾಗದ ಇತಿಹಾಸ ಹೊಸದೆನ್ನುವವರು ಪೋಲೆಂಡ್–ಲಿಥುವೇನಿಯಾ ಒಂದೇ ಒಕ್ಕೂಟವಾಗಿದ್ದುದರ ಬಗ್ಗೆ ಸ್ವಲ್ಪ ಓದಿಕೊಂಡು ಹೋಗುವುದು ಒಳ್ಳೆಯದು, ಏಕೆಂದರೆ 1569ರ ಲುಬ್ಲಿನ್ ಒಪ್ಪಂದ ಎಲ್ಲರಿಗೂ ಗೊತ್ತಿದೆ ಎಂದುಕೊಂಡೇ ಅವರು ಮಾತು ಶುರು ಮಾಡುತ್ತಾರೆ. ಬಿರ್ಝಾಯ್ ಕೋಟೆಯನ್ನೂ ಸೇರಿಸಿದ ಎರಡು ದಿನದ ಪ್ರವಾಸವನ್ನು ಕೇಳಿದವರಿಗೆ ಪ್ರತ್ಯೇಕವಾಗಿ ಏರ್ಪಡಿಸುತ್ತಾರಂತೆ. ತಂದೆಯ ಕಥೆಗೆ ಇಷ್ಟು ತೂಕ ಕೊಡುವವರು ಅದನ್ನೇ ತಮ್ಮ ಮುಖ್ಯ ಪ್ರವಾಸವಾಗಿ ಮಾಡಿಕೊಳ್ಳಬೇಕು, ಮತ್ತು ಮುಂದಿನ ಬಾರಿ ಆ ನಕ್ಷೆಯನ್ನು ಅಚ್ಚು ಹಾಕಿಸುವಾಗ ಪಿನ್ಸ್ಕ್, ಮೊಝೀರ್, ಬೊಬ್ರುಯ್ಸ್ಕ್‌ಗಳನ್ನು ಗುರುತಿಸಬೇಕು ಎಂದು ಅವರಿಗೆ ಬರೆದು ತಿಳಿಸಿದ್ದೇನೆ.